ನೆಂಟರಿಗೆ ಮುದ್ದೆ ಹಾಕ್ತಾರಾ?

ನನ್ನ ಪಾಸ್‌ಪೋರ್ಟು ಮದುವೆಯಾಗದೇ ಮುದುಕಿಯಾಯಿತು. ನಗಬೇಡಿ, ನಿಜ ಹೇಳ್ತಿದೀನಿ. ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡುತ್ತಿದ್ದ ಕಾಲದಲ್ಲಿ ನಮ್ಮ ಸ್ಟಾಫ್ ರೂಮಿನ ಹೆಂಗಸರೆಲ್ಲ ಸೇರಿ ಸಿಂಗಾಪುರಕ್ಕೆ ಹೋಗಿಬರೋಣ ಅಂತ ಹಾರಾಡಿದ್ದೆವು. ಅರ್ಜಿ ಹಾಕಿದ್ದಾಯಿತು, ಪೊಲೀಸಿನವರು ಮನೆಗೆ ಬಂದು ವಿಚಾರಿಸಿದ್ದಾಯಿತು, ಪಕ್ಕದ ಮನೆಯಾಕೆ ಕಾಂಪೌಂಡಿನಿಂದ ಇಣುಕಿ 'ಏನ್ ಕೇಸು ಮಿಸ್?' ಅಂತ ಕೇಳಿದ್ದೂ ಆಯಿತು. ಕೊನೆಗೆ ನೀಲಿ ಪುಸ್ತಕ ಕೈಗೆ ಬಂತು. ಅಷ್ಟರಲ್ಲಿ ಒಬ್ಬರ ಮಗಳಿಗೆ ಗಂಡು ಗೊತ್ತಾಯಿತು, ಇನ್ನೊಬ್ಬರಿಗೆ ಮಂಡಿ ನೋವು ಬಂತು, ಮತ್ತೊಬ್ಬರಿಗೆ ಗುಬ್ಬಿಗೆ ವರ್ಗವಾಯಿತು. 'ಸಿಂಗಾಪುರ ಎಲ್ಲಿಗೂ ಓಡಿಹೋಗಲ್ಲ, ಬರೋ ವರ್ಷ ನೋಡೋಣ' ಅಂದುಕೊಂಡೆವು. ಸಿಂಗಾಪುರ ಓಡಿಹೋಗಲಿಲ್ಲ, ನಾವೂ ಹೋಗಲಿಲ್ಲ. ಒಂದು ಮುದ್ರೆಯೂ ಬೀಳದೆ ನನ್ನ ಪಾಸ್‌ಪೋರ್ಟಿನ ಅವಧಿ ಮುಗಿದು, ಅದೀಗ ಬೀರುವಿನಲ್ಲಿ ರೇಷ್ಮೆ ಸೀರೆಯ ಮಡಿಕೆಯೊಳಗೆ ಮಲಗಿದೆ.

ನಾನು ಫಾರಿನ್ನಿಗೆ ಹೋಗಲಿಲ್ಲ ಅಂತ ಕೊನೆಗೆ ಫಾರಿನ್ನೇ ಕನಿಕರಪಟ್ಟು ತುಮಕೂರಿಗೆ ಬಂತು. ಬಂದು, ನಮ್ಮ ಮನೆಯ ಮೆಟ್ಟಿಲು ಹತ್ತಿ, ಮಹಡಿ ರೂಮಿನಲ್ಲಿ ಸೂಟ್‌ಕೇಸು ಇಳಿಸಿತು.

ಅದು ಆದದ್ದು ಹೀಗೆ. ನನ್ನ ಹಳೇ ಶಿಷ್ಯೆಯೊಬ್ಬಳು ಇಲ್ಲಿನ ಒಂದು ಕಾಲೇಜಿನಲ್ಲಿ ಲೆಕ್ಚರರ್. ಹೋದ ಆಗಸ್ಟಿನಲ್ಲಿ ಫೋನ್ ಮಾಡಿದಳು. 'ಮಿಸ್, ಉಗಾಂಡದಿಂದ ಒಬ್ಬಳು ಹುಡುಗಿ ಬಂದವಳೆ, ಎಂ.ಎಸ್ಸಿ. ಓದೋಕೆ. ಆಹಾರ ವಿಜ್ಞಾನ. ಹಾಸ್ಟೆಲಿನಲ್ಲಿ ರಿಪೇರಿ ನಡೀತಿದೆ. ನಿಮ್ಮ ಮಹಡಿ ರೂಮು ಖಾಲಿ ಇದ್ಯಲ್ಲ, ಊಟ ತಿಂಡಿ ಸಮೇತ ಇಟ್ಕೊಳ್ತೀರಾ?' ಇಟ್ಕೊಳ್ತೀರಾ ಅಂದರೆ! ಆಫ್ರಿಕಾದ ನಕಾಶೆಯನ್ನು ಕಣ್ಣುಮುಚ್ಚಿ ಬೋರ್ಡಿನ ಮೇಲೆ ಬರೆಯುತ್ತಿದ್ದವಳು ನಾನು. ಸಮಭಾಜಕ ವೃತ್ತ ಎಲ್ಲಿ ಹಾದುಹೋಗುತ್ತೆ, ನೈಲ್ ನದಿ ಎಲ್ಲಿಂದ ಹೊರಡುತ್ತೆ, ವಿಕ್ಟೋರಿಯಾ ಸರೋವರದ ಸುತ್ತ ಯಾವ ಯಾವ ದೇಶ, ಎಲ್ಲ ಬಾಯಿಪಾಠ. ಕುಣಿಗಲ್ ಕೆರೆಗಿಂತ ನನಗೆ ವಿಕ್ಟೋರಿಯಾ ಸರೋವರವೇ ಹೆಚ್ಚು ಪರಿಚಯ ಅನ್ನಬಹುದು. ಆದರೆ ಆ ಸರೋವರದ ನೀರು ಕುಡಿದ ಒಂದು ಜೀವವನ್ನೂ ನಾನು ಕಂಡಿರಲಿಲ್ಲ. ಕೂಡಲೇ ಹೂಂ ಅಂದುಬಿಟ್ಟೆ. ಆಮೇಲೆ ಮನೆಯಲ್ಲಿ ಕೇಳಿದೆ.

ಮನೆಯಲ್ಲಿ ಅಂದರೆ ಇಬ್ಬರು. ಒಬ್ಬರು ನಮ್ಮ ಯಜಮಾನರು, ಅಂತರಸನಹಳ್ಳಿಯಲ್ಲಿ ಸಣ್ಣದೊಂದು ಲೇತ್ ವರ್ಕ್‌ಶಾಪ್ ನಡೆಸುತ್ತಾರೆ, ಇಡೀ ದಿನ ಕಬ್ಬಿಣದ ಸದ್ದು ಕೇಳಿ ಕೇಳಿ ಮನೆಯಲ್ಲಿ ಮಾತು ಕಡಿಮೆ. ಇನ್ನೊಬ್ಬರು ನಮ್ಮವ್ವ. ಅಮೃತೂರಿನ ಕಡೆಯವಳು, ಎಂಬತ್ತರ ಹತ್ತಿರದವಳು, ಮಾತಿಗೆ ಬರವಿಲ್ಲ. ಯಜಮಾನರು ಸುದ್ದಿ ಕೇಳಿ ಸ್ಕೂಟರ್ ತೆಗೆದುಕೊಂಡು ಹೋದವರು ಬರುವಾಗ ಬ್ರೆಡ್ಡು, ಜಾಮು, ಕಾರ್ನ್‌ಫ್ಲೇಕ್ಸು ಮತ್ತು ಒಂದು ಡಜನ್ ಫೋರ್ಕು ತಂದರು. ಬರುತ್ತಿದ್ದದ್ದು ಒಬ್ಬಳೇ ಹುಡುಗಿ. ಫೋರ್ಕು ಬಿಡಿಬಿಡಿಯಾಗಿ ಕೊಡಲ್ಲವಂತೆ.

ಅವ್ವ ಮಾತ್ರ ಕೇಳಬೇಕಾದ್ದನ್ನೇ ಕೇಳಿದಳು. 'ಆ ಮಗ ಏನ್ ಉಣ್ತದೆ?'

'ಬ್ರೆಡ್ಡು, ಅನ್ನ, ಅಂಥಾದ್ದೇ ಏನಾದ್ರೂ' ಅಂದೆ, ಭೂಗೋಳದ ಟೀಚರಿನ ಪೂರ್ತಿ ಧೈರ್ಯದಿಂದ.

'ಹಂಗಾದ್ರೆ ಇಕಾ, ಅದು ಇರಗಂಟ ಮುದ್ದೆ ಪಾತ್ರೆ ಹೊರಗೆ ಕಾಣ್ಕೂಡದು' ಅಂತ ಅವ್ವ ಅಪ್ಪಣೆ ಮಾಡಿದಳು.

ಇಲ್ಲಿ ಸ್ವಲ್ಪ ನಿಲ್ಲಬೇಕು. ನೀವು ನಮ್ಮ ಕಡೆಯವರಾಗಿದ್ದರೆ ಇದನ್ನು ಓದಿ ತಲೆಯಾಡಿಸುತ್ತೀರಿ, ಬೇರೆ ಕಡೆಯವರಾಗಿದ್ದರೆ ವಿವರಿಸಬೇಕಾಗುತ್ತದೆ. ನಮ್ಮಲ್ಲಿ ರಾಗಿ ಮುದ್ದೆ ಮನೆಯವರಿಗೆ, ಅನ್ನ ನೆಂಟರಿಗೆ. ಇದು ಯಾರೂ ಬರೆದಿಟ್ಟದ್ದಲ್ಲ, ಯಾರೂ ಮುರಿದದ್ದೂ ಇಲ್ಲ. ನಾನು ಚಿಕ್ಕವಳಿದ್ದಾಗ ಮನೆಯಲ್ಲಿ ಅನ್ನ ಬೇಯುವ ವಾಸನೆ ಬಂದರೆ ಸಾಕು, 'ಯಾರ್ ಬಂದವ್ರೆ?' ಅಂತ ನಡುಮನೆಗೆ ಓಡುತ್ತಿದ್ದೆವು. ಮನೆಯಲ್ಲಿ ಅಕ್ಕಿ ಇಲ್ಲದಿದ್ದರೆ ಪಕ್ಕದ ಮನೆಯಿಂದ ಸೆರಗಿನಲ್ಲಿ ಮರೆಮಾಡಿ ತರುತ್ತಿದ್ದರೇ ಹೊರತು, ಬಂದವರ ಮುಂದೆ ಮುದ್ದೆ ಇಡುತ್ತಿರಲಿಲ್ಲ. ಇಟ್ಟರೆ ಆ ನೆಂಟ ತನ್ನೂರಿಗೆ ಹೋಗಿ 'ಹಿಟ್ಟು ಹಾಕಿ ಕಳಿಸಿದ್ರು ಕಣಪ್ಪ' ಅನ್ನುತ್ತಿದ್ದ (ನಮ್ಮ ಕಡೆ ಹಿಟ್ಟು ಅಂದರೆ ಮುದ್ದೆಯೇ), ಮೂರು ತಲೆಮಾರಿನ ಮರ್ಯಾದೆ ಮಣ್ಣುಪಾಲಾಗುತ್ತಿತ್ತು. ಈಗ ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ಮುದ್ದೆಗೆ ಕ್ಯೂ ನಿಲ್ಲುತ್ತಾರೆ, ಡಾಕ್ಟರುಗಳು ಚೀಟಿಯಲ್ಲಿ ಬರೆದುಕೊಡುತ್ತಾರೆ. ಅವ್ವನ ಕಾನೂನಿಗೆ ಮಾತ್ರ ತಿದ್ದುಪಡಿ ಆಗಿಲ್ಲ.

ನಮ್ಮ ಯಜಮಾನರ ಕಥೆಯನ್ನೇ ಕೇಳಿ. ಇವರು ಗುಬ್ಬಿ ತಾಲ್ಲೂಕಿನ ಹೊಲದ ಮನೆಯಲ್ಲಿ ಮುದ್ದೆ ಉಂಡು ಬೆಳೆದವರು. ಮದುವೆಯಾದ ಹೊಸತರಲ್ಲಿ ಅಮೃತೂರಿಗೆ ಹೋದಾಗಲೆಲ್ಲ ಅವ್ವ ಇವರಿಗೆ ಅನ್ನ, ಅನ್ನದ ಮೇಲೆ ಅನ್ನ, ಮೇಲೊಂದಿಷ್ಟು ತುಪ್ಪ. ಒಳಗೆ ನಮ್ಮಣ್ಣಂದಿರು ಸೊರ ಸೊರ ಅಂತ ಮುದ್ದೆ ಇಳಿಸುತ್ತಿದ್ದರೆ ಹೊರಗೆ ಇವರು ಪಾಪ ಅನ್ನ ಕಲಸುತ್ತಾ ಕಿವಿ ನಿಮಿರಿಸಿ ಕೂತಿರುತ್ತಿದ್ದರು. ಕೊನೆಗೊಂದು ದಿನ ನನ್ನ ಕೈಯಲ್ಲಿ ಹೇಳಿ ಕಳಿಸಿದರು: 'ನಿಮ್ಮವ್ವಂಗೆ ಹೇಳೆ, ನನ್ನ ಯಾವಾಗ ಮನೆಯವನು ಮಾಡ್ಕೋತಾರೆ ಅಂತ ಕೇಳೆ.' ಅವತ್ತು ಮುದ್ದೆ ಬಿತ್ತು ತಟ್ಟೆಗೆ. ತಾಳಿ ಕಟ್ಟಿದ ದಿನಕ್ಕಿಂತ ಅವತ್ತು ಇವರ ಮುಖ ಹೆಚ್ಚು ಅರಳಿತ್ತು ಅನ್ನೋದು ನನಗೆ ಇವತ್ತಿಗೂ ಒಂದು ಸಣ್ಣ ಬೇಜಾರು.

ಇಂಥ ಮನೆಗೆ ಬಂದಳು ಅಮೋಂಗಿನ್. ಪೂರ್ವ ಉಗಾಂಡದ ಸೊರೋಟಿ ಅನ್ನುವ ಊರಿನ ಹತ್ತಿರದ ಹಳ್ಳಿಯವಳು. ಅಪ್ಪ ಪ್ರೈಮರಿ ಸ್ಕೂಲ್ ಮೇಷ್ಟ್ರು, ಅಮ್ಮ ಹೊಲ ನೋಡಿಕೊಳ್ಳುತ್ತಾಳೆ. ಆ ಹಳ್ಳಿಯಿಂದ ವಿಮಾನ ಹತ್ತಿದವರಲ್ಲಿ ಇವಳೇ ಮೊದಲು. ಎತ್ತರದ ಹುಡುಗಿ, ತಲೆ ತುಂಬ ಸಣ್ಣ ಸಣ್ಣ ಜಡೆ, ನಕ್ಕರೆ ಮಹಡಿಯಿಂದ ಬೀದಿಗೆ ಕೇಳಿಸುತ್ತೆ. ಅವ್ವ ಆ ಜಡೆಗಳನ್ನು ಹಿಡಿದು ನೋಡಿ 'ಇಷ್ಟೊಂದು ಹೆಣೆಯೋ ತಾಳ್ಮೆ ಯಾರಿಗಮ್ಮ ಇತ್ತು!' ಅಂತ ಬೆರಗಾದಳು. ಹೆಸರು ಅವ್ವನ ಬಾಯಿಗೆ ಬರಲಿಲ್ಲ, ಮೊದಲ ದಿನವೇ 'ಅಮ್ಮಣ್ಣಿ' ಮಾಡಿಬಿಟ್ಟಳು. ನಮ್ಮ ಕಡೆ ಮುದ್ದಿನ ಹೆಣ್ಣುಮಕ್ಕಳನ್ನು ಕರೆಯುವ ಹೆಸರು ಅದು. ಅವಳೂ ಆ ಕರೆಗೆ ಓಗೊಟ್ಟಳು.

ಮೊದಲ ಎರಡು ತಿಂಗಳು ನಮ್ಮ ಮನೆಯಲ್ಲಿ ಹಬ್ಬ ಅನ್ನಿ. ಅವಳಿಗೆ ಕಂಡದ್ದೆಲ್ಲ ಹೊಸದು, ಅವಳು ಕಂಡದ್ದನ್ನೆಲ್ಲ ಹೇಳುವುದು ಕೇಳಿ ನಮಗೂ ಎಲ್ಲ ಹೊಸದು. ನಾನು ಮದುವೆಯಾದಾಗಿನಿಂದ ನೋಡುತ್ತಿರುವ ತುಮಕೂರನ್ನು ಅವಳು ಸಂಜೆ ಸಂಜೆ ಬಂದು ನನಗೇ ವರದಿ ಮಾಡುತ್ತಿದ್ದಳು. ಬಸ್ಸಿನಲ್ಲಿ ಗುರುತು ಪರಿಚಯ ಇಲ್ಲದ ಹೆಂಗಸೊಬ್ಬಳು ತನ್ನ ಮಗುವನ್ನು ಇವಳ ತೊಡೆಯ ಮೇಲೆ ಕೂರಿಸಿ ನಿಶ್ಚಿಂತೆಯಿಂದ ನಿಂತಳಂತೆ. ಕ್ಯಾತ್ಸಂದ್ರದಲ್ಲಿ ಇಡ್ಲಿ ತಟ್ಟೆಯಷ್ಟೇ ದೊಡ್ಡದಿತ್ತಂತೆ! ಪ್ರಶ್ನೆ ಕೇಳಿದರೆ ಇಲ್ಲಿನವರು ಹೂಂ ಅಂತಲೂ ಅಲ್ಲ ಊಹೂಂ ಅಂತಲೂ ಅಲ್ಲ, ತಲೆಯನ್ನು ಅಡ್ಡಡ್ಡ ಅಲ್ಲಾಡಿಸುತ್ತಾರಂತೆ, ಅದನ್ನು ತಾನೀಗ ಕಲಿತೆನೆಂದು ಕನ್ನಡಿ ಮುಂದೆ ಮಾಡಿ ತೋರಿಸಿದಳು. ನಾವು ಹಾಗೆ ಮಾಡುತ್ತೇವೆ ಅಂತ ನನಗೆ ಅವತ್ತೇ ಗೊತ್ತಾದದ್ದು.

ಕನ್ನಡವನ್ನೂ ಕ್ಲಾಸಿನ ಹುಡುಗರಿಂದ ಚಕಚಕ ಕಲಿತಳು. ಹುಡುಗರಿಂದ ಕಲಿತರೆ ಏನಾಗುತ್ತೆ ಅನ್ನೋದು ಒಂದು ಬೆಳಿಗ್ಗೆ ಗೊತ್ತಾಯಿತು. ಯಜಮಾನರು ಜಗುಲಿಯಲ್ಲಿ ಪೇಪರ್ ಓದುತ್ತಾ ಕೂತಿದ್ದರು. ಇವಳು ಮೆಟ್ಟಿಲಿಳಿದು ಬಂದು, ಬಲು ಪ್ರೀತಿಯಿಂದ, 'ಏನ್ಲಾ ಅಂಕಲ್, ತಿಂಡಿ ಆಯ್ತೇನ್ಲಾ?' ಅಂದಳು. ಮೂವತ್ತು ವರ್ಷದ ಸಂಸಾರದಲ್ಲಿ ನಾನು ಎಷ್ಟೋ ಸಲ ಅನ್ನಬೇಕು ಅಂದುಕೊಂಡು ನುಂಗಿಕೊಂಡಿದ್ದ ಮಾತು. ಯಜಮಾನರು ಪೇಪರು ಮಡಚಿ, 'ಆಯ್ತು ಕಣಮ್ಮ' ಅಂದು ಒಳಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಹಾಗೆ ನಕ್ಕದ್ದನ್ನು ನೋಡಿ ಬಹಳ ಕಾಲವಾಗಿತ್ತು.

ದಸರಾ ರಜಕ್ಕೆ ಅವಳನ್ನು ಹುತ್ರಿದುರ್ಗಕ್ಕೆ ಕರೆದುಕೊಂಡು ಹೋದೆವು. ಕುಣಿಗಲ್ ದಾಟಿ ಬೆಟ್ಟ ಕಣ್ಣಿಗೆ ಬಿದ್ದದ್ದೇ ತಡ, 'ನಮ್ಮ ಬಂಡೆ! ನಮ್ಮ ಬಂಡೆ!' ಅಂತ ಕಾರಿನೊಳಗೇ ಕುಣಿಯತೊಡಗಿದಳು. ಅವರ ಸೊರೋಟಿ ಊರಿನ ನಡುವೆಯೂ ಹೀಗೇ ಒಂದು ದೊಡ್ಡ ಬಂಡೆ ಬೆಟ್ಟ ಎದ್ದು ನಿಂತಿದೆಯಂತೆ. ಫೋನಿನಲ್ಲಿ ಫೋಟೋ ತೋರಿಸಿದಳು, ಹೌದು, ಇದರ ಚಿಕ್ಕ ತಂಗಿಯ ಹಾಗಿತ್ತು. ಕೋಟೆ ಬಾಗಿಲವರೆಗೆ ಹತ್ತಿ ನಾನು ಏದುಸಿರು ಬಿಡುತ್ತಾ ಕೂತರೆ ಇವಳು ಮೇಕೆಮರಿ ಹಾಗೆ ತುದಿಗೆ ಹೋಗಿ ಅಲ್ಲಿಂದ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದಳು. ಗಾಳಿಗೆ ಅವಳ ಮಾತು ನಮಗೆ ಕೇಳಿಸಲಿಲ್ಲ, ನಗು ಕೇಳಿಸಿತು. ಪರದೇಶಕ್ಕೆ ಹೋದವರಿಗೆ ಎಷ್ಟು ಖುಷಿ ಇರುತ್ತೆ ಅಂತ ನಾನು ಅವತ್ತು ಪಾಸ್‌ಪೋರ್ಟಿಲ್ಲದೆ ಕಣ್ಣಾರೆ ನೋಡಿದೆ.

ಇದೆಲ್ಲ ನಡೆಯುತ್ತಿದ್ದಾಗ ನಮ್ಮ ಅಡುಗೆಮನೆಯಲ್ಲಿ ಏನು ನಡೆಯುತ್ತಿತ್ತು ಅನ್ನೋದನ್ನು ಹೇಳಬೇಕು. ಡೈನಿಂಗ್ ಟೇಬಲಿನಲ್ಲಿ ಅಮ್ಮಣ್ಣಿಗೆ ಅನ್ನ, ಸಾಂಬಾರು, ಪಲ್ಯ, ಹಪ್ಪಳ. ಖಾರ ಕಡಿಮೆ. ಪಕ್ಕದಲ್ಲಿ ಫೋರ್ಕು. ಅವಳು ಉಂಡು ಮಹಡಿಗೆ ಹೋದ ಮೇಲೆ ಅಡುಗೆಮನೆ ಬಾಗಿಲು ಅರ್ಧ ಮುಚ್ಚಿ, ನಾವು ಮೂವರು ಕಳ್ಳರ ಹಾಗೆ ಕೂತು ಮುದ್ದೆ ಉಣ್ಣುವುದು. ಅವಳೇನಾದರೂ ನೀರಿಗೆ ಅಂತ ವಾಪಸ್ ಬಂದರೆ ಅವ್ವ ತಟ್ಟೆಯ ಮೇಲೆ ತಟ್ಟೆ ಮುಚ್ಚಿಬಿಡುವಳು. ಭಾನುವಾರ ಅವಳು ನಮ್ಮ ಜೊತೆಗೇ ಕೂರುತ್ತಿದ್ದರಿಂದ ನಮಗೂ ಅನ್ನವೇ. ಸಂಜೆ ನಾಲ್ಕಕ್ಕೆಲ್ಲ ಯಜಮಾನರು ಡಬ್ಬಗಳನ್ನು ತಡಕುತ್ತಾ, 'ಹೊಟ್ಟೇಲಿ ಏನೂ ನಿಲ್ಲಲಿಲ್ಲ ಕಣೇ' ಅನ್ನುವರು. ನಮ್ಮ ಮನೆಗೆ ಬಂದ ಫಾರಿನ್ ಹುಡುಗಿಗೆ ನಾವು ಯಾವ ಕೊರತೆಯೂ ಮಾಡಿಲ್ಲ ಅಂತ ನಾನು ಬೀದಿಯಲ್ಲೆಲ್ಲ ಜಂಬ ಕೊಚ್ಚಿಕೊಂಡು ತಿರುಗುತ್ತಿದ್ದೆ.

ನವೆಂಬರಿಗೆ ಬರುವ ಹೊತ್ತಿಗೆ ಅಮ್ಮಣ್ಣಿಯ ನಗು ಬೀದಿಗೆ ಕೇಳಿಸುವುದು ನಿಂತಿತು. ಊಟಕ್ಕೆ ಕರೆದರೆ ಬಂದು, ಎರಡು ತುತ್ತು ತಿಂದು, 'ಥ್ಯಾಂಕ್ಯೂ ಆಂಟಿ' ಅಂದು ಹೋಗುವಳು. ಪರೀಕ್ಷೆ ಹತ್ತಿರ ಬಂತು, ಅದಕ್ಕೇ ಇರಬೇಕು ಅಂದುಕೊಂಡೆ. ಒಂದು ದಿನ ನನ್ನ ಶಿಷ್ಯೆಯ ಫೋನು. 'ಮಿಸ್, ನಿಮಗೆ ಗೊತ್ತಾ? ಕ್ರಿಸ್‌ಮಸ್‌ಗೆ ಊರಿಗೆ ಹೋಗ್ತಾಳಲ್ಲ, ವಾಪಸ್ ಬರಲ್ಲ ಅಂತಿದಾಳೆ. ಕೋರ್ಸೇ ಬಿಡ್ತಾಳಂತೆ. ಕ್ಲಾಸಲ್ಲಿ ಅವಳೇ ಫಸ್ಟು ಮಿಸ್. ಏನಾದ್ರೂ ಮಾಡಿ.'

ಆ ಹಳ್ಳಿಯಿಂದ ವಿಮಾನ ಹತ್ತಿದ ಮೊದಲ ಹುಡುಗಿ, ಅದೂ ಒಂದೇ ಸೆಮಿಸ್ಟರಿಗೆ ಗಂಟುಮೂಟೆ ಕಟ್ಟಿಕೊಂಡು ವಾಪಸ್ ಹೋಗುವುದು ಅಂದರೇನು! ಅವಳ ಹಿಂದೆ ಹೊರಡಬೇಕು ಅಂದುಕೊಂಡಿರುವ ಆ ಊರಿನ ಇನ್ನೆಷ್ಟು ಹೆಣ್ಣುಮಕ್ಕಳಿಗೆ 'ನೋಡಿದ್ಯಾ, ಮೇಷ್ಟ್ರ ಮಗಳ ಕೈಲೇ ಆಗ್ಲಿಲ್ಲ' ಅನ್ನುತ್ತಾರೋ. ಅದೂ ಬಿಡಿ, ಅಷ್ಟು ದೊಡ್ಡ ಮಾತು ಯಾಕೆ. ನನಗೇ ಅವಳು ಹೋಗುವುದು ಬೇಕಿರಲಿಲ್ಲ. ಮಹಡಿ ಮೆಟ್ಟಿಲ ಮೇಲೆ ಅವಳ ದಡಬಡ ಸದ್ದಿಲ್ಲದೆ ಈ ಮನೆಯಲ್ಲಿ ಹೇಗಿರುವುದು?

ಬೀದಿಯಲ್ಲಿ ಯಾರಾದರೂ ಏನಾದರೂ ಅಂದರೇನೋ ಅಂತ ಅವಳನ್ನೇ ವಿಚಾರಿಸಿದೆ. ದಿಟ್ಟಿಸಿ ನೋಡುತ್ತಾರೆ, ಕೇಳದೇ ಕೂದಲು ಮುಟ್ಟುತ್ತಾರೆ, 'ಬ್ಲ್ಯಾಕೀ' ಅಂತ ಒಬ್ಬ ಕೂಗಿದ್ದ, ಅದಕ್ಕೆಲ್ಲ ನಾನು ಹೆದರಲ್ಲ ಅಂದಳು. ಮತ್ತೇನಮ್ಮ ಅಂದರೆ, 'ನೀವೆಲ್ಲ ತುಂಬಾ ಒಳ್ಳೆಯವರು ಆಂಟಿ' ಅಂದು ಮಹಡಿ ಹತ್ತಿದಳು. ಆ ಒಳ್ಳೆಯವರು ಅನ್ನುವ ಮಾತು ನನಗ್ಯಾಕೋ ಸರಿಬರಲಿಲ್ಲ.

ಸರಿ, ನಾನು ಉಪಚಾರ ಹೆಚ್ಚಿಸಿದೆ. ಅನ್ನದ ಬದಲು ಪಲಾವು. ಪಲಾವಿನ ಬದಲು ಘೀ ರೈಸು. ಯೂಟ್ಯೂಬ್ ನೋಡಿ ಫ್ರೈಡ್ ರೈಸು. ಅವಳು ಇನ್ನೂ ಬಾಡಿದಳು. ರೋಗ ಒಂದು, ಮದ್ದು ಒಂದು ಅಂತಾರಲ್ಲ, ಹಾಗೆ. ಅವಳು ಸೊರಗಿದಷ್ಟೂ ನಾನು ಅಕ್ಕಿ ಬೇಯಿಸುತ್ತಾ ಹೋದೆ.

ಡಿಸೆಂಬರಿನ ಒಂದು ಭಾನುವಾರ. ಅಮ್ಮಣ್ಣಿ ಚರ್ಚಿಗೆ ಹೋಗಿದ್ದಳು, ಮಧ್ಯಾಹ್ನ ಅಲ್ಲೇ ಊಟ ಅಂದಿದ್ದಳು. ಯಜಮಾನರು ಬೆಳಿಗ್ಗೆಯೇ ಅವ್ವನ ಕಿವಿಯಲ್ಲಿ ಏನೋ ಪಿಸುಗುಟ್ಟಿದ್ದರು. ಅವ್ವ ಅಲಸಂದೆ ಸೊಪ್ಪಿನ ಬಸ್ಸಾರು ಮಾಡಿ, ಒಲೆಯ ಮೇಲೆ ಹಿಟ್ಟಿನ ಪಾತ್ರೆ ಇಟ್ಟಿದ್ದಳು. ಮುದ್ದೆ ಮಾಡುವುದನ್ನು ನೀವು ನೋಡಿದ್ದರೆ ಗೊತ್ತಿರುತ್ತೆ, ಅದು ಒಬ್ಬರ ಕೆಲಸ ಅಲ್ಲ. ಕುದಿವ ನೀರಿಗೆ ಬಿದ್ದ ಹಿಟ್ಟು ಬೆಂದ ಮೇಲೆ ಪಾತ್ರೆ ಕೆಳಗಿಳಿಸಿ ಕೋಲಿನಿಂದ ಗಂಟಿಲ್ಲದ ಹಾಗೆ ತಿರುವಬೇಕು. ತಿರುವುವ ರಭಸಕ್ಕೆ ಪಾತ್ರೆಯೂ ತಿರುಗುತ್ತೆ, ಆದ್ದರಿಂದ ಬಟ್ಟೆ ಹಿಡಿದು ಅದನ್ನು ಒಬ್ಬರು ಅಮುಕಿಕೊಂಡಿರಬೇಕು. ಅವ್ವ ತಿರುವುವುದು, ನಾನು ಹಿಡಿಯುವುದು, ನಮ್ಮ ಮನೆಯ ಪದ್ಧತಿ. ಅವತ್ತು ನಾನು ಮಹಡಿಯ ಮೇಲೆ ಬಟ್ಟೆ ಒಣಗಿಸುತ್ತಿದ್ದೆ. 'ಬಾರೇ, ಪಾತ್ರೆ ಹಿಡ್ಕಳೇ, ಗಂಟಾಯ್ತದೆ!' ಅಂತ ಅವ್ವ ಕೂಗಿದ್ದು ಕೇಳಿಸಿತು. ಬಂದೆ ಬಂದೆ ಅಂತ ನಾನು ಕ್ಲಿಪ್ಪು ಸಿಕ್ಕಿಸುತ್ತಾ ನಿಂತೆ. ಆಮೇಲೆ ಕೂಗೇ ಇಲ್ಲ. ಮುನಿಸಿಕೊಂಡಳು ಅಂತ ಇಳಿದು ಬಂದೆ.

ಅಡುಗೆಮನೆ ಬಾಗಿಲಲ್ಲಿ ಕಂಡದ್ದು ನೋಡಿ ನನ್ನ ಕಾಲು ಅಲ್ಲೇ ನಿಂತಿತು. ಪಾತ್ರೆ ಹಿಡಿದುಕೊಂಡು ಕೂತಿದ್ದವಳು ಅವ್ವ. ಎದುರಿಗೆ ನೆಲದ ಮೇಲೆ, ಚರ್ಚಿನ ಹೂವಿನ ಫ್ರಾಕನ್ನು ಮಂಡಿಯವರೆಗೆ ಒತ್ತರಿಸಿಕೊಂಡು, ಎರಡೂ ಕೈಯಲ್ಲಿ ಕೋಲು ಹಿಡಿದು ಹಿಟ್ಟು ತಿರುವುತ್ತಿದ್ದವಳು ಅಮ್ಮಣ್ಣಿ. ಚರ್ಚಿನಲ್ಲಿ ಊಟಕ್ಕೆ ನಿಲ್ಲದೆ ಬಂದವಳು ಅವ್ವನ ಕೂಗು ಕೇಳಿ ನೇರ ಒಳಗೆ ನುಗ್ಗಿರಬೇಕು. ಅದು ಕಲಿಯುವವರ ಕೈಯಲ್ಲ. ಪಾತ್ರೆಯ ಅಂಚಿಗೆ ಹಿಟ್ಟನ್ನು ಒತ್ತಿ, ಗಂಟು ಒಡೆದು, ಮಗುಚಿ, ಮತ್ತೆ ಒತ್ತಿ, ತೋಳಿನ ಬಲವೆಲ್ಲ ಕೋಲಿಗೆ ಇಳಿಸಿ ತಿರುವುತ್ತಿದ್ದಳು. ಅವ್ವ ಬಾಯಿ ತೆರೆದುಕೊಂಡು ನೋಡುತ್ತಿದ್ದಳು. ಹುಡುಗಿಯ ಕಣ್ಣಿಂದ ನೀರು ಸುರಿಯುತ್ತಿತ್ತು.

'ಅತಾಪ್' ಅಂದಳು ನನ್ನನ್ನು ನೋಡಿ. 'ಆಂಟಿ, ಇದು ನಮ್ಮನೆ ಊಟ. ನಮ್ಮ ತೋತೋ ದಿನಾ ಮಾಡೋದು.' ತೋತೋ ಅಂದರೆ ಅವರಲ್ಲಿ ಅಮ್ಮ.

ರಾಗಿ! ಅವರ ಊರಿನ ಮನೆ ಮನೆಯ ಹಿಟ್ಟು ರಾಗಿ! ಹೊಲದಲ್ಲಿ ಬೆಳೆಯುವುದು ರಾಗಿ, ಕಣಜದಲ್ಲಿ ತುಂಬುವುದು ರಾಗಿ, ಏಳು ವರ್ಷದವಳಿದ್ದಾಗಲೇ ಅಮ್ಮನ ಪಕ್ಕ ಕೂತು ಇವಳು ತಿರುವಲು ಕಲಿತದ್ದು ರಾಗಿ. ಅಲಸಂದೆ ಸೊಪ್ಪನ್ನೂ ಬಿಡಲ್ಲವಂತೆ, ಕಡಲೆಕಾಯಿ ಅರೆದು ಹಾಕಿ ಗೊಜ್ಜಿನ ಹಾಗೆ ಮಾಡುತ್ತಾರಂತೆ. ನಾನು ಗೋಡೆಗೆ ಒರಗಿ ನಿಂತೆ. ಭೂಗೋಳದ ಟೀಚರು!

ಆಮೇಲೆ ಅವಳು ಇಂಗ್ಲಿಷಿನಲ್ಲಿ ಕೇಳಿದ ಪ್ರಶ್ನೆ ಇದೆಯಲ್ಲ, ಅದು ಬಾಣದ ಹಾಗೆ ಬಂತು. 'ದಿನಾ ಇದರ ವಾಸನೆ ಮಹಡಿಗೆ ಬರ್ತಿತ್ತು ಆಂಟಿ. ಕಿಟಕಿ ತೆಗೆದು ಕೂತಿರ್ತಿದ್ದೆ. ಕೆಳಗೆ ಬಂದ್ರೆ ಅಜ್ಜಿ ತಟ್ಟೆ ಮುಚ್ಚಿಬಿಡ್ತಿದ್ರು. ಈ ಮನೇಲಿ ನಿಮಗೇ ಒಂದು ಊಟ, ಹೊರಗಿನವರಿಗೇ ಒಂದು ಊಟ. ಯಾಕೆ ನನ್ನಿಂದ ಬಚ್ಚಿಟ್ರಿ? ನಾನು ಮುಟ್ಟಬಾರದು ಅಂತಾನಾ?'

ಅಯ್ಯೋ ದೇವರೇ. ಏನು ಅಂತ ಹೇಳುವುದು? ನಿನ್ನ ಮೇಲಿನ ಗೌರವಕ್ಕೆ ನಿನ್ನನ್ನು ಉಪವಾಸ ಕೆಡವಿದೆವು ತಾಯಿ ಅಂತ ಯಾವ ಇಂಗ್ಲಿಷಿನಲ್ಲಿ ಹೇಳಲಿ? ನಾನು ತಡವರಿಸುತ್ತಿದ್ದರೆ ಅವ್ವ ಪಾತ್ರೆ ಬಿಟ್ಟು ಎದ್ದಳು. ಅವಳಿಗೆ ಪ್ರಶ್ನೆ ಪೂರ್ತಿ ಅರ್ಥವಾಗಿರಲಿಲ್ಲ, ಹುಡುಗಿಯ ಕಣ್ಣೀರು ಅರ್ಥವಾಗಿತ್ತು. 'ಏನಂತೆ? ಯಾಕ್ ಹಾಕ್ಲಿಲ್ಲ ಅಂತಾ? ನೆಂಟ್ರಿಗೆ ಯಾರಾನಾ ಮುದ್ದೆ ಹಾಕ್ತಾರಾ? ಊರು ನಗಲ್ವಾ? ಅವರವ್ವ ನನ್ನ ಏನಂದ್ಕಂತಾಳೆ, ಮಗಳಿಗೆ ಒಂದಿಡಿ ಅನ್ನ ಹಾಕೋ ಯೋಗ್ತೆ ಇಲ್ವಾ ಮುದುಕಿಗೆ ಅನ್ನಲ್ವಾ?' ಅಂತ ಒಂದೇ ಉಸಿರಿಗೆ ಹೇಳಿ, ತನ್ನ ಸೆರಗಿನಿಂದ ಆ ಹುಡುಗಿಯ ಮುಖ ಒರೆಸಿದಳು.

ನಾನು ಅದನ್ನು ಹೇಗೋ ಇಂಗ್ಲಿಷಿಗೆ ದಾಟಿಸಿದೆ. ಅಮ್ಮಣ್ಣಿ ಕೋಲು ಹಿಡಿದುಕೊಂಡೇ ಕೇಳಿದಳು. ಆಮೇಲೆ, ಹೋಗಿಬಿಟ್ಟಿತು ಅಂದುಕೊಂಡಿದ್ದ ಆ ನಗು ಬಂತು ನೋಡಿ, ಬೀದಿಗೆ ಕೇಳಿಸುವಂಥದ್ದು. ನಕ್ಕು ನಕ್ಕು, ಕೆನ್ನೆ ಒರೆಸಿಕೊಂಡು, ಹುಡುಗರು ಕಲಿಸಿದ ಕನ್ನಡದಲ್ಲಿ ಹೇಳಿದಳು: 'ಅಜ್ಜಿ, ನಾನು ನೆಂಟ ಬ್ಯಾಡ. ಮುದ್ದೆ ಹಾಕು.'

ಅವ್ವ ಹಾಕಿದಳು. ನಮ್ಮ ಮೂವರಿಗೆ ಕಟ್ಟಿದ್ದಕ್ಕಿಂತ ದೊಡ್ಡ ಮುದ್ದೆ, ಮೇಲೆ ತುಪ್ಪ, ಸುತ್ತ ಬಸ್ಸಾರು. ಡೈನಿಂಗ್ ಟೇಬಲಿಗೆ ಯಾರೂ ಹೋಗಲಿಲ್ಲ, ಎಲ್ಲ ನೆಲದ ಮೇಲೇ ಕೂತೆವು. ಯಜಮಾನರ ಕಣ್ಣಲ್ಲಿ ಒಂದು ಹೊಳಪಿತ್ತು, ತಮ್ಮ ಅಳಿಯತನದ ದಿನಗಳು ನೆನಪಾಗಿರಬೇಕು. ಅಮ್ಮಣ್ಣಿ ಒಂದು ತುಂಡು ಮುರಿದು, ಅಂಗೈಯಲ್ಲಿ ಉಂಡೆ ಮಾಡಿ, ಹೆಬ್ಬೆರಳಿನಿಂದ ಗುಳಿ ಒತ್ತಿ, ಆ ಗುಳಿಯಲ್ಲಿ ಸೊಪ್ಪು ತುಂಬಿಕೊಂಡು ಬಾಯಿಗಿಟ್ಟು ಅಗಿಯತೊಡಗಿದಳು. ಅವ್ವ ಹಣೆ ಚಚ್ಚಿಕೊಂಡಳು. 'ಅಗೀಬ್ಯಾಡ ಕಣೇ! ನುಂಗು, ನುಂಗು!' ಹುಡುಗಿ ಗಾಬರಿಯಾಗಿ ನನ್ನ ಮುಖ ನೋಡಿದಳು. ಹೀಗೆ ಅಗಿಯದೆ ನುಂಗಿದರೆ ತನ್ನ ತೋತೋ ಕೋಲಿನಲ್ಲೇ ಹೊಡೆಯುತ್ತಾಳೆ ಅಂದಳು. ಅಗಿಯಬೇಕೋ ನುಂಗಬೇಕೋ ಅನ್ನುವ ಚರ್ಚೆ ಎರಡು ದೇಶಗಳ ನಡುವೆ ಇನ್ನೂ ಬಗೆಹರಿದಿಲ್ಲ. ಮಾತುಕತೆ ದಿನವೂ ನಡೆಯುತ್ತಿದೆ.

ಆಮೇಲೆ ನಾನು ಹಳೇ ಪುಸ್ತಕಗಳ ಧೂಳು ಕೊಡವಿದೆ. ನಾಚಿಕೆಗೇಡು, ಎಲ್ಲ ಅದರಲ್ಲೇ ಇತ್ತು. ರಾಗಿ ಮೊದಲು ಬೆಳೆದದ್ದು ಪೂರ್ವ ಆಫ್ರಿಕಾದ ಎತ್ತರದ ಸೀಮೆಯಲ್ಲಿ, ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮ ಕಡೆಗೆ ಬಂತು ಅಂತ ತಿಳಿದವರು ಹೇಳುತ್ತಾರೆ. ಅಲಸಂದೆಯ ತವರೂ ಆಫ್ರಿಕಾವೇ ಅಂತೆ. ಯಾವ ಹಾಯಿ ಹಡಗಿನ ಯಾವ ಪುಣ್ಯಾತ್ಮ ಅದನ್ನು ಗಂಟು ಕಟ್ಟಿಕೊಂಡು ಬಂದನೋ! ವೀಸಾ ಇಲ್ಲ, ಅರ್ಜಿ ಇಲ್ಲ, ಹಾಸ್ಟೆಲಿನ ತಕರಾರಿಲ್ಲ. ಬಂದು, ನಮ್ಮ ಕೆಂಪು ಮಣ್ಣಿಗೆ ಇಳಿದು, ನಮ್ಮ ಮಳೆಗೆ ಒಗ್ಗಿ, ವಾಪಸ್ ಹೋಗುವುದನ್ನೇ ಮರೆತುಬಿಟ್ಟಿತು. ಈಗ ನಾವು 'ರಾಗಿ ತಿಂದವ ನಿರೋಗಿ' ಅಂತ ಎದೆ ತಟ್ಟಿಕೊಳ್ಳುತ್ತೇವೆ, ತುಮಕೂರಿನಲ್ಲೇ ಹುಟ್ಟಿತೇನೋ ಅನ್ನುವ ಹಾಗೆ. ಆ ರಾಗಿಯ ತವರಿನ ಕಡೆಯಿಂದ ಒಬ್ಬಳು ಹುಡುಗಿ ಬಂದರೆ ಅವಳಿಂದಲೇ ಅದನ್ನು ಬಚ್ಚಿಟ್ಟುಕೊಂಡು ಉಂಡ ಮಹಾಶಯರು ನಾವು. ಮಗಳ ಮನೆಗೆ ಬಂದ ತಾಯಿಯನ್ನು ಜಗುಲಿಯಲ್ಲೇ ಕೂರಿಸಿದ ಹಾಗಾಯಿತು.

ಅವತ್ತು ಸಂಜೆ ಅಮ್ಮಣ್ಣಿ ಮೆಟ್ಟಿಲ ಮೇಲೆ ಕೂತು ಅಪ್ಪನಿಗೆ ಫೋನ್ ಮಾಡಿದಳು. ಅವರ ಭಾಷೆ ನನಗೆ ಬರಲ್ಲ. ಆದರೂ ಕಿವಿ ಅಲ್ಲೇ ಇತ್ತು, ಕೈಯಲ್ಲಿ ಒಂದೇ ಹಿಡಿ ಅವರೆಕಾಯಿಯನ್ನು ಸುಲಿದದ್ದೇ ಸುಲಿದದ್ದು. ಫೋನ್ ಇಟ್ಟು ಬಂದು ಪಕ್ಕದಲ್ಲಿ ಕೂತಳು. 'ಅಪ್ಪನಿಗೆ ಹೇಳಿದೆ ಆಂಟಿ. ಕ್ರಿಸ್‌ಮಸ್ ಮುಗಿಸಿ ವಾಪಸ್ ಬರ್ತೀನಿ ಅಂತ. ಎರಡು ಕಡೆ ಟಿಕೆಟ್ಟೂ ಮಾಡಿಸ್ತೀನಿ.' ನಾನು ಅವಳ ಕೈಗೂ ಅರ್ಧ ಅವರೆಕಾಯಿ ಸುರಿದೆ. ಸುಲಿಯಲಿ, ನೆಂಟಳಲ್ಲವಲ್ಲ!

ಜನವರಿಯಲ್ಲಿ ಬಂದೇ ಬಂದಳು. ಸೂಟ್‌ಕೇಸಿನಲ್ಲಿ ಅವರ ಹೊಲದ ರಾಗಿ ಹಿಟ್ಟು ಒಂದು ಚೀಲ, ನಮ್ಮದಕ್ಕಿಂತ ಒಂದು ಬಣ್ಣ ಕೆಂಪು. ಅವ್ವ ಅದನ್ನು ಮೂಸಿ, ನಾಲಿಗೆ ಮೇಲಿಟ್ಟು, 'ನಮ್ದೇ ಕಣೇ ಇದು' ಅಂತ ತೀರ್ಪು ಕೊಟ್ಟಳು. ಆಮೇಲೆ ಅಮೃತೂರಿಗೆ ಕರೆದುಕೊಂಡು ಹೋದಾಗ ನಮ್ಮತ್ತಿಗೆ ಸಂಭ್ರಮದಿಂದ ಬಾಳೆಎಲೆ ಹಾಕಿ ಅನ್ನ ಬಡಿಸಲು ಬಂದರೆ, ಇವಳು ಎಲೆಗೆ ಕೈ ಅಡ್ಡ ಇಟ್ಟು, 'ಅತ್ತೇ, ಹಿಟ್ಟಿಲ್ವಾ?' ಅಂದಳು. ಅತ್ತಿಗೆಗೆ ಮರ್ಯಾದೆ ಹೋದಂತಾಗಿ ನನ್ನನ್ನು ಒಳಗೆ ಕರೆದು ಬೈದರು: 'ಫಾರಿನ್ ಹುಡುಗಿಗೆ ಇದೇನೇ ಕಲಿಸಿದೀರಾ!' ನಾವು ಕಲಿಸಿದ್ದಲ್ಲ ಅತ್ತಿಗೆ, ಅವರು ನಮಗೆ ಕಲಿಸಿದ್ದು ಅಂದೆ. ಅದು ದೊಡ್ಡ ಕಥೆ, ಮುದ್ದೆ ಆರುತ್ತೆ ಅಂತ ಅಲ್ಲಿಗೇ ಬಿಟ್ಟೆ.

ಹೋದ ಭಾನುವಾರ ಅವಳ ತೋತೋ ವಿಡಿಯೋದಲ್ಲಿ ಬಂದರು. ಅವರ ಭಾಷೆಯಲ್ಲಿ ನಮಸ್ಕಾರಕ್ಕೆ 'ಯೋಗಾ' ಅನ್ನುತ್ತಾರೆ, ಅಷ್ಟು ನಮಗೆಲ್ಲ ಬರುತ್ತೆ. ಯೋಗಾ ಯೋಗಾ ಅಂತ ನಾವೆಲ್ಲ ಕೈ ಬೀಸಿದೆವು. ನನ್ನದೇ ವಯಸ್ಸಿನ ಹೆಂಗಸು, ತಲೆಗೆ ಬಟ್ಟೆ ಕಟ್ಟಿಕೊಂಡು ಅಂಗಳದಲ್ಲಿ ಕೂತಿದ್ದರು, ಹಿಂದೆ ಒಂದು ಮೇಕೆ ಕಾಣಿಸುತ್ತಿತ್ತು. ನನ್ನ ಮಗಳನ್ನು ನೋಡಿಕೊಂಡಿದ್ದೀರಿ, ನೀವೊಮ್ಮೆ ನಮ್ಮ ಮನೆಗೆ ಬರಲೇಬೇಕು ಅಂದರಂತೆ. ನಾನು ಎದ್ದು ಹೋಗಿ ರೇಷ್ಮೆ ಸೀರೆಯ ಮಡಿಕೆಯಿಂದ ನನ್ನ ಮುದಿ ಪಾಸ್‌ಪೋರ್ಟು ತಂದು ಕ್ಯಾಮೆರಾಗೆ ಹಿಡಿದೆ. ಹೊಸದು ಮಾಡಿಸ್ತೀನಿ, ಬರ್ತೀನಿ ಅಂದೆ. ಆ ಕಡೆಯಿಂದ ಚಪ್ಪಾಳೆ ಬಿತ್ತು. ತೋತೋ ಕೈ ಆಡಿಸುತ್ತಾ ಏನೇನೋ ಹೇಳತೊಡಗಿದರು. ಅಮ್ಮಣ್ಣಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

'ಏನಂತೆ?' ಅಂದೆ.

'ನೀವು ಬಂದ ದಿನ ಕೋಳಿ ಕುಯ್ತಾರಂತೆ. ಪೇಟೆಯಿಂದ ಅಕ್ಕಿ ತರ್ತಾರಂತೆ. ಅಷ್ಟು ದೂರದಿಂದ ಬಂದವರಿಗೆ ಅತಾಪ್ ಹಾಕೋಕಾಗುತ್ತಾ, ಊರವರು ಏನಂತಾರೆ, ಅನ್ನಾನೇ ಮಾಡ್ತೀನಿ ಅಂತಿದಾರೆ.'

ಮೊದಲು ಯಜಮಾನರು ನಗಲು ಶುರುಮಾಡಿದರು, ಹೊಟ್ಟೆ ಹಿಡಿದುಕೊಂಡು. ಅಮ್ಮಣ್ಣಿ ಸೇರಿಕೊಂಡಳು. ಫೋನಿನೊಳಗಿನ ತೋತೋಗೆ ಯಾಕೆ ಅಂತ ಗೊತ್ತಿಲ್ಲದಿದ್ದರೂ ಅವರೂ ನಕ್ಕರು. 'ಬ್ಯಾಡ ಅಂತ ಹೇಳೇ' ಅಂದೆ. 'ಅನ್ನ ಆದ್ರೆ ನಾನು ಬರಲ್ಲ ಅಂತ ಹೇಳು.'

ಅವಳು ಹೇಳಿದಳು. ತೋತೋ ನಗು ನಿಲ್ಲಿಸಿ ನನ್ನನ್ನು ಒಂದು ಕ್ಷಣ ನೋಡಿದರು. ತಲೆಯ ಬಟ್ಟೆ ಸರಿಮಾಡಿಕೊಂಡು ಏನೋ ಸಣ್ಣದಾಗಿ ಅಂದರು.

'ಹಾಗಾದ್ರೆ ಅಡುಗೆಮನೆಗೆ ಬಂದು ನೀವೇ ತಿರುವಬೇಕಂತೆ' ಅಂದಳು ಅಮ್ಮಣ್ಣಿ.

ಹೂಂ ಅಂತ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಗೋಡೆಗೊರಗಿ ಕೂತಿದ್ದ ಅವ್ವ ಮುಂದೆ ಬಗ್ಗಿ, ಫೋನನ್ನು ತನ್ನ ಕಡೆ ತಿರುಗಿಸಿಕೊಂಡಳು.

'ನನಗೂ ಒಂದು ಪಾಸ್‌ಪೋರ್ಟ್ ಮಾಡ್ಸೇ' ಅಂದಳು. 'ಪಾತ್ರೆ ಹಿಡ್ಕಳಾಕೆ ಒಬ್ರು ಬೇಕಲ್ಲ.'